ಉಸಿರಾಡುವ ಜಪಸರ



ಭಾನುವಾರ ಎರಡನೆಯ ಬಲಿಪೂಜೆ ಮುಗಿದ ಮೇಲೆ ಗುರುಗಳಿಗಾಗಿ ಪಕ್ಕದ ಬಾಗಿಲಲ್ಲಿ ಕಾಯುವವರು ಎರಡು ಬಗೆ. ಕಾಗದಪತ್ರ ಬೇಕಾದವರು ಮುಂದೆ ನಿಂತಿರುತ್ತಾರೆ: ಜ್ಞಾನಸ್ನಾನದ ಪತ್ರ, ಮದುವೆಯ ಪತ್ರ, ಶಾಲೆಗೊಂದು ಶಿಫಾರಸು. ಮನಸ್ಸು ಭಾರವಾದವರು, ಎಲ್ಲರೂ ಹೋಗಲಿ ಎಂದು ಹಿಂದೆ ಗೋಡೆಗೆ ಒರಗಿ ನಿಂತಿರುತ್ತಾರೆ. ಹೀಗೆ ಗೋಡೆಗೆ ಒರಗಿ ನಿಂತಿದ್ದ ಒಬ್ಬ ತಾಯಿಯ ವಿಷಯವನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ, ಊರು ಬೇಡ ಎಂದಿದ್ದಾರೆ. "ಆದರೆ ಬರೀರಿ ಫಾದರ್, ನನ್ನ ಹಾಗೆ ಇನ್ನೂ ಎಷ್ಟೋ ಜನ ಇದ್ದಾರೆ" ಎಂದೂ ಹೇಳಿದ್ದಾರೆ.

ಅವರು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಗಂಡ ಆಟೋ ಓಡಿಸುತ್ತಾರೆ. ಮಗಳ ಓದಿಗೆಂದು ಕಟ್ಟುತ್ತಿದ್ದ ಚೀಟಿಯ ಹಣ, ಚೀಟಿ ನಡೆಸುತ್ತಿದ್ದವನು ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದಾಗ ಮುಳುಗಿತು. ಅದನ್ನು ತುಂಬಿಸಲು ಎರಡು ಕಡೆ ಸಾಲ ಮಾಡಿದರು. ಒಂದರ ಕಂತು ಮಂಗಳವಾರ, ಇನ್ನೊಂದರದು ಶುಕ್ರವಾರ. ಕಂತಿನ ಹಿಂದಿನ ರಾತ್ರಿ ಎರಡು ಗಂಟೆಗೆ ಸರಿಯಾಗಿ ಎಚ್ಚರವಾಗುತ್ತದೆ. ಎದೆ ಡವಡವ ಎನ್ನುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಬೆರಳ ತುದಿಗಳು ಜುಮ್ಮೆನ್ನುತ್ತವೆ, ಇನ್ನೇನು ಸತ್ತೇಹೋದೆ ಅನ್ನಿಸುತ್ತದೆ. ಒಂದು ರಾತ್ರಿ ಗಂಡ ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ತೆಗೆದರು. ರಕ್ತ ಪರೀಕ್ಷೆ ಮಾಡಿದರು. ಹೃದಯಕ್ಕೆ ಏನೂ ಆಗಿಲ್ಲ, ಇದು ಮನಸ್ಸಿನ ಒತ್ತಡ, ದಿನಾ ಹತ್ತು ನಿಮಿಷ ಕುಳಿತು ನಿಧಾನವಾಗಿ ಉಸಿರಾಡುವುದನ್ನು ಅಭ್ಯಾಸ ಮಾಡಿ ಎಂದು ವೈದ್ಯರು ಹೇಳಿ ಕಳುಹಿಸಿದರು.

ಅವರು ನನ್ನ ಹತ್ತಿರ ಬಂದಿದ್ದು ಇದಕ್ಕಾಗಿ ಅಲ್ಲ. ಅವರು ಹೋಗುವ ಪ್ರಾರ್ಥನಾ ಕೂಟದ ಅಕ್ಕ ಒಬ್ಬರು, "ಉಸಿರಾಟದ ಅಭ್ಯಾಸ ಅಂದರೆ ಪ್ರಾಣಾಯಾಮ, ಅದು ನಮ್ಮ ವಿಶ್ವಾಸಕ್ಕೆ ಸೇರಿದ್ದಲ್ಲ, ಮಾಡಿದರೆ ಪಾಪ" ಎಂದಿದ್ದರಂತೆ. "ಪಾಪನಾ ಫಾದರ್?" ಎಂದು ಕೇಳಿದರು.

ಹತ್ತೂವರೆಗೆ ಉಪಕೇಂದ್ರದಲ್ಲಿ ನನಗೆ ಇನ್ನೊಂದು ಬಲಿಪೂಜೆಯಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. "ಪಾಪ ಏನಿಲ್ಲ ಅಮ್ಮ. ಆದರೆ ಅದೆಲ್ಲ ಯಾಕೆ? ರಾತ್ರಿ ಎಚ್ಚರವಾದಾಗ ಜಪಸರ ಹೇಳಿ. ಮಾತೆ ಮರಿಯಮ್ಮ ನೋಡಿಕೊಳ್ಳುತ್ತಾರೆ" ಎಂದು ಹೇಳಿ ಬೈಕು ಹತ್ತಿದೆ. ಸರಿಯಾದ ಉತ್ತರವನ್ನೇ ಕೊಟ್ಟೆನೆಂದು ದಾರಿಯಲ್ಲಿ ನನಗೆ ತೃಪ್ತಿಯೂ ಆಯಿತು.

ಮೂರು ವಾರ ಬಿಟ್ಟು ಅದೇ ಗೋಡೆ, ಅದೇ ತಾಯಿ. ಮುಖ ಇನ್ನೂ ಸೊರಗಿತ್ತು. "ಜಪಸರ ಹೇಳಿದರೆ ಇನ್ನೂ ಜಾಸ್ತಿ ಉಸಿರು ಕಟ್ಟುತ್ತದೆ ಫಾದರ್" ಎಂದರು.

ಗುರುವಾಗಿ ಇಷ್ಟು ವರ್ಷಗಳಲ್ಲಿ ಇಂಥ ಮಾತನ್ನು ಕೇಳಿರಲಿಲ್ಲ. ಒಳಗೆ ಕರೆದು ಕೂರಿಸಿ, "ಹೇಗೆ ಹೇಳುತ್ತೀರಿ, ಹೇಳಿ ನೋಡೋಣ" ಎಂದೆ. ಅವರು ಜಪಸರ ಕೈಗೆತ್ತಿಕೊಂಡು ಶುರು ಮಾಡಿದರು. ಮೊದಲ ಮಣಿಯಿಂದ ನಾಲ್ಕನೆಯ ಮಣಿಯವರೆಗೆ ಒಂದೇ ಉಸಿರು. ನಾಲ್ಕನೆಯ ಮಣಿಯ ನಡುವೆ ಉಸಿರು ಸಾಲದೆ ಏದುಸಿರು ಬಿಟ್ಟು, ಮತ್ತೆ ಓಟ. ಯಾವ ನಮೋ ಮರಿಯಾ ಎಲ್ಲಿ ಮುಗಿಯಿತು, ಯಾವುದು ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯಲಿಲ್ಲ.

"ಯಾಕಮ್ಮ ಇಷ್ಟು ಅವಸರ?"

"ನಮ್ಮ ದೇವಾಲಯದಲ್ಲಿ ಹೀಗೇ ತಾನೇ ಹೇಳೋದು ಫಾದರ್?"

ಪ್ರಿಯ ಓದುಗರೇ, ಅಂದು ಸಂಜೆ ನಾನು ಬಲಿಪೀಠದ ಬಳಿ ಹೋಗದೆ ಕೊನೆಯ ಬೆಂಚಿನಲ್ಲಿ ಕುಳಿತು, ಕೈಗಡಿಯಾರ ನೋಡುತ್ತಾ ನಮ್ಮ ಜಪಸರವನ್ನು ಕೇಳಿದೆ. ಆ ತಾಯಿ ಹೇಳಿದ್ದು ನಿಜ. ಮುನ್ನಡೆಸುವವರು ಮೊದಲರ್ಧ ಮುಗಿಸುವ ಮುಂಚೆಯೇ ಜನ ಎರಡನೆಯ ಅರ್ಧವನ್ನು ಹಿಡಿಯುತ್ತಾರೆ. ಜನ ಮುಗಿಸುವ ಮುಂಚೆಯೇ ಮುನ್ನಡೆಸುವವರು ಮುಂದಿನ ಮಣಿಗೆ ಹೋಗಿರುತ್ತಾರೆ. ಎರಡು ಎತ್ತುಗಳು ಒಂದನ್ನೊಂದು ತಳ್ಳಿಕೊಂಡು ಓಡಿದ ಹಾಗೆ. ಒಂದು ನಮೋ ಮರಿಯಾ ಆರು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಈ ಅವಸರವನ್ನು ಜನರಿಗೆ ಕಲಿಸಿದವರು ಯಾರು? ಬಲಿಪೂಜೆಗೆ ಹೊತ್ತಾಯಿತೆಂದು ಒಳಗಿನಿಂದಲೇ ಕೈಸನ್ನೆ ಮಾಡಿ ಜಪಸರವನ್ನು ಓಡಿಸುತ್ತಿದ್ದವನು ನಾನೇ. ಇದನ್ನು ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ. ಈಗ ನಿಮ್ಮ ಮುಂದೆಯೂ ಹೇಳುತ್ತಿದ್ದೇನೆ.

ಹೆದರಿಕೆಯಾದಾಗ ನಮ್ಮ ಉಸಿರಿಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು. ಗಾಬರಿಯಾದವನಿಗೆ ಉಸಿರು ಕಟ್ಟಿತು ಎನ್ನುತ್ತೇವೆ. ಕೆಲಸ ಹೆಚ್ಚಾದರೆ ಉಸಿರು ಬಿಡಲೂ ಪುರುಸೊತ್ತಿಲ್ಲ ಎನ್ನುತ್ತೇವೆ. ಕಷ್ಟ ಕಳೆದಾಗ 'ಅಬ್ಬಾ' ಎಂದು ಬಿಡುವುದು ನಿಟ್ಟುಸಿರು. ಪ್ರಾಣ ಎಂಬ ಒಂದೇ ಮಾತಿನಲ್ಲಿ ಉಸಿರೂ ಇದೆ, ಜೀವವೂ ಇದೆ.

ದೇಹದ ಲೆಕ್ಕದಲ್ಲಿ ಕಾಡಿನ ಹುಲಿಯೂ ಒಂದೇ, ಬಾಗಿಲಿಗೆ ಬಂದ ಸಾಲ ವಸೂಲಿಯವನೂ ಒಂದೇ. ಎರಡಕ್ಕೂ ಅದು ಓಡಲು ಸಿದ್ಧವಾಗುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ, ಭುಜ ಮೇಲೇರುತ್ತದೆ, ಹೊಟ್ಟೆ ಬಿಗಿಯಾಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಚಿಕ್ಕದಾಗಿ ಬೇಗ ಬೇಗ ಓಡಾಡುತ್ತದೆ. ನಿಜವಾಗಿ ಓಡಿದರೆ ಅದು ಸರಿಹೋಗುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ಚಾಪೆಯ ಮೇಲೆ ಮಲಗಿದವರು ಎಲ್ಲಿಗೆ ಓಡುವುದು? ಮಲಗಿದ್ದಲ್ಲೇ ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಇರಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಕೂಡ ಹೊರಟುಹೋಗುತ್ತದೆ. ತಲೆ ಹಗುರವಾಗುವುದು, ತುಟಿ ಬೆರಳು ಜುಮ್ಮೆನ್ನುವುದು, ಎದೆ ಬಿಗಿದಂತಾಗುವುದು ಅದರಿಂದಲೇ. ಅದನ್ನು ಕಂಡು ನಾವು ಇನ್ನಷ್ಟು ಹೆದರುತ್ತೇವೆ. ಹೆದರಿದಷ್ಟೂ ಉಸಿರು ಇನ್ನಷ್ಟು ಓಡುತ್ತದೆ. ಗಾಣದ ಎತ್ತಿನ ಹಾಗೆ ಸುತ್ತುವುದೊಂದೇ.

ಈ ಸುತ್ತನ್ನು ಎಲ್ಲಿ ಮುರಿಯುವುದು? ಹೃದಯಕ್ಕೆ 'ನಿಧಾನ' ಎಂದು ಹೇಳಿದರೆ ಕೇಳುವುದಿಲ್ಲ. ಮನಸ್ಸಿಗೆ 'ಯೋಚಿಸಬೇಡ' ಎಂದರಂತೂ ಅದು ಎರಡರಷ್ಟು ಯೋಚಿಸುತ್ತದೆ. ಉಸಿರು ಮಾತ್ರ ಹಾಗಲ್ಲ. ನಾವು ನಿದ್ರೆಯಲ್ಲಿರುವಾಗ ಅದು ತಾನಾಗಿಯೇ ನಡೆಯುತ್ತದೆ, ಎಚ್ಚರದಲ್ಲಿ ನಮ್ಮ ಮಾತನ್ನೂ ಕೇಳುತ್ತದೆ. ಉಸಿರು ಒಳಗೆ ಬರುವಾಗ ಹೃದಯದ ಬಡಿತ ತುಸು ಬೇಗವಾಗುತ್ತದೆ, ಹೊರಗೆ ಹೋಗುವಾಗ ತುಸು ನಿಧಾನವಾಗುತ್ತದೆ. ಮೆದುಳಿನಿಂದ ಹೃದಯದವರೆಗೂ ಹೊಟ್ಟೆಯವರೆಗೂ ಇಳಿದುಬರುವ ವೇಗಸ್ ಎಂಬ ನರದ ಕೆಲಸ ಅದು. ಆದ್ದರಿಂದ ಬಿಡುವ ಉಸಿರನ್ನು ಉದ್ದ ಮಾಡಿದರೆ, ಇಳಿಜಾರಿನಲ್ಲಿ ಸೈಕಲ್ಲಿನ ಬ್ರೇಕನ್ನು ಮೆತ್ತಗೆ ಹಿಡಿದ ಹಾಗಾಗುತ್ತದೆ. ಸುಮ್ಮನೆ ಕುಳಿತ ದೊಡ್ಡವರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ. ಅದನ್ನು ಆರರ ಆಸುಪಾಸಿಗೆ ಇಳಿಸಿದರೆ ಉಸಿರು, ಹೃದಯ, ರಕ್ತದೊತ್ತಡ ಮೂರೂ ಒಂದೇ ತಾಳಕ್ಕೆ ಬರುತ್ತವೆ.

ಈಗ ನಾನು ಹೇಳಹೊರಟಿರುವುದು ನನಗೇ ಅಚ್ಚರಿ ತಂದ ವಿಷಯ. ಇಟಲಿಯ ಪಾವಿಯ ವಿಶ್ವವಿದ್ಯಾನಿಲಯದ ಲೂಚಾನೊ ಬೆರ್ನಾರ್ದಿ ಎಂಬ ವೈದ್ಯರೂ ಅವರ ಸಂಗಡಿಗರೂ 23 ಮಂದಿ ಆರೋಗ್ಯವಂತರನ್ನು ಕೂರಿಸಿ, ಅವರು ಸುಮ್ಮನಿರುವಾಗ, ಮಾತನಾಡುವಾಗ, ಲ್ಯಾಟಿನ್ ಭಾಷೆಯಲ್ಲಿ ನಮೋ ಮರಿಯಾ ಹೇಳುವಾಗ ಮತ್ತು ಬೌದ್ಧರ ಒಂದು ಮಂತ್ರವನ್ನು ಹೇಳುವಾಗ ಅವರ ಉಸಿರನ್ನೂ ಹೃದಯದ ಬಡಿತವನ್ನೂ ಅಳೆದು ನೋಡಿದರು. ನಮ್ಮ ಜಪಸರದ ಕ್ರಮದಲ್ಲೇ, ಅರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು. ಅವರ ಬರಹ 2001ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾಯಿತು. ನಮೋ ಮರಿಯಾ ಹೇಳಿದಾಗಲೂ ಮಂತ್ರ ಹೇಳಿದಾಗಲೂ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಒಂದು ಲ್ಯಾಟಿನ್ ನಮೋ ಮರಿಯಾಗೆ ಹಿಡಿಯುವುದು ಹತ್ತಿರ ಹತ್ತಿರ ಹತ್ತು ಸೆಕೆಂಡು. ನೀವೇ ಲೆಕ್ಕ ಹಾಕಿ. ಒಬ್ಬರು ಮೊದಲರ್ಧ ಹೇಳುವಾಗ ಉಳಿದವರು ಉಸಿರು ತೆಗೆದುಕೊಳ್ಳುತ್ತಾರೆ. ತಮ್ಮ ಅರ್ಧವನ್ನು ಹೇಳುವಾಗ ಅದನ್ನು ನಿಧಾನವಾಗಿ ಬಿಡುತ್ತಾರೆ.

ಇಪ್ಪತ್ತಮೂರು ಜನರ ಒಂದು ಪರೀಕ್ಷೆಯಿಂದ ಜಪಸರ ರೋಗಗಳಿಗೆ ಔಷಧಿ ಎಂದು ಸಾರಿಬಿಡುವುದು ಬೇಡ. ಪ್ರಾರ್ಥನೆ ಮಾತ್ರೆಯಲ್ಲ. ಮಂತ್ರಕ್ಕೂ ಅದೇ ಫಲ ಬಂತೆಂಬುದನ್ನು ಮುಚ್ಚಿಡುವುದೂ ಬೇಡ. ದೇವರು ಶ್ವಾಸಕೋಶವನ್ನು ಎಲ್ಲರಿಗೂ ಒಂದೇ ರೀತಿ ಮಾಡಿದ್ದಾರೆ. ಆದರೆ ನಮ್ಮ ಹಿರಿಯರು ಸಂಜೆ ದೀಪದ ಮುಂದೆ ಮೊಣಕಾಲೂರಿ, ಮನೆಯ ಯಜಮಾನ ಅರ್ಧ, ಮಕ್ಕಳು ಅರ್ಧ ಎಂದು ರಾಗವಾಗಿ ಎಳೆದು ಹೇಳುತ್ತಿದ್ದ ಜಪಸರದಲ್ಲಿ ಉಸಿರಿಗೆ ಜಾಗವಿತ್ತು. ಆ ಜಾಗವನ್ನು ಕಿತ್ತುಹಾಕಿದವರು ನಾವು.

ಇನ್ನು ಆ ತಾಯಿಯ ಮೊದಲ ಪ್ರಶ್ನೆ. ಉಸಿರಾಟವನ್ನು ಗಮನಿಸುವುದು ಪಾಪವೇ?

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನ ಮೂಗಿನಲ್ಲಿ ಜೀವಶ್ವಾಸವನ್ನು ಊದಿದರೆಂದು ಓದುತ್ತೇವೆ (ಆದಿ 2:7). ಹೀಬ್ರೂ ಭಾಷೆಯಲ್ಲಿ 'ರೂಆಹ್' ಎಂಬ ಒಂದೇ ಮಾತಿಗೆ ಗಾಳಿ, ಉಸಿರು, ಆತ್ಮ ಎಂಬ ಮೂರೂ ಅರ್ಥಗಳಿವೆ. ಕಿವುಡನ ಕಿವಿ ತೆರೆಯುವ ಮುನ್ನ ಪ್ರಭು ಯೇಸು ಆಕಾಶದ ಕಡೆ ನೋಡಿ ನಿಟ್ಟುಸಿರು ಬಿಟ್ಟರೆಂದು ಸಂತ ಮಾರ್ಕ ಬರೆಯುತ್ತಾರೆ (ಮಾರ್ಕ 7:34). ನಿಟ್ಟುಸಿರು ಬಿಟ್ಟ ದೇವರು ನಮ್ಮವರು!

ಎಲ್ಲಕ್ಕಿಂತ ಹೆಚ್ಚಾಗಿ ಪುನರುತ್ಥಾನದ ದಿನದ ಸಂಜೆಯನ್ನು ನೆನೆಯಿರಿ (ಯೊವಾ 20:19-22). ಶಿಷ್ಯರು ಬಾಗಿಲು ಭದ್ರಪಡಿಸಿಕೊಂಡು ಒಳಗೆ ಕುಳಿತಿದ್ದಾರೆ. ಯಾಕೆ? ಭಯ. ಹೊರಗೆ ಹೆಜ್ಜೆ ಸಪ್ಪಳವಾದರೆ ಯಾರು ಬಂದರೋ ಎಂಬ ಭಯ. ಕಂತಿನ ದಿನ ಬಾಗಿಲು ಹಾಕಿಕೊಂಡು, ಮಕ್ಕಳಿಗೆ ಮಾತನಾಡಬೇಡಿ ಎಂದು ಸನ್ನೆ ಮಾಡಿ ಕುಳಿತವರಿಗೆ ಆ ಕೋಣೆ ಹೇಗಿತ್ತೆಂದು ಯಾವ ಬೋಧಕರೂ ವಿವರಿಸಬೇಕಾಗಿಲ್ಲ. ಅಲ್ಲಿಗೆ ಪ್ರಭು ಬಂದರು. ಹೆದರಿಕೊಂಡದ್ದಕ್ಕೆ ಬೈಯಲಿಲ್ಲ, ಬಿಟ್ಟು ಓಡಿದಿರಲ್ಲಾ ಎಂದು ಲೆಕ್ಕ ಕೇಳಲಿಲ್ಲ. ಶಾಂತಿಯನ್ನು ಹಾರೈಸಿದರು, ಗಾಯಗಳನ್ನು ತೋರಿಸಿದರು, ಅನಂತರ ಅವರ ಮೇಲೆ ಉಸಿರನ್ನು ಊದಿ ಪವಿತ್ರಾತ್ಮರನ್ನು ಕೊಟ್ಟರು. ದೂರದಿಂದ ಕೈಯೆತ್ತಿ ಕೊಡಬಹುದಿತ್ತು. ಆದರೆ ಉಸಿರು ತಾಗುವಷ್ಟು ಹತ್ತಿರ ನಿಂತು ಕೊಟ್ಟರು.

ಧರ್ಮಸಭೆ ಇದನ್ನು ಮರೆತಿಲ್ಲ. ಪವಿತ್ರ ವಾರದಲ್ಲಿ ತೈಲಗಳನ್ನು ಆಶೀರ್ವದಿಸುವ ಬಲಿಪೂಜೆಗೆ ನಿಮ್ಮಲ್ಲಿ ಕೆಲವರಾದರೂ ಪ್ರಧಾನಾಲಯಕ್ಕೆ ಹೋಗಿರಬಹುದು. ಬಿಷಪರು ಅಭಿಷೇಕ ತೈಲದ ಪಾತ್ರೆಯ ಮೇಲೆ ಬಾಗಿ ಉಸಿರು ಊದುವ ಒಂದು ಗಳಿಗೆ ಅಲ್ಲಿದೆ. ಹಿಂದಿನ ಬೆಂಚಿನವರಿಗೆ ಕಾಣಿಸುವುದಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ. ನಿಮ್ಮ ಮಕ್ಕಳ ಹಣೆಗೆ ದೃಢೀಕರಣದ ದಿನ ಹಚ್ಚುವ ತೈಲ ಅದೇ.

ಪ್ರಾರ್ಥನೆಯಲ್ಲಿಯೂ ಅಷ್ಟೆ. ಯೇಸು ಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸರ 'ಆಧ್ಯಾತ್ಮಿಕ ಸಾಧನೆಗಳು' ಎಂಬ ಕೈಪಿಡಿಗೆ 1548ರಲ್ಲಿ ಜಗದ್ಗುರು ಮೂರನೆಯ ಪೌಲರ ಒಪ್ಪಿಗೆ ದೊರೆಯಿತು. ಅದರಲ್ಲಿ ಮೂರು ಪ್ರಾರ್ಥನಾ ವಿಧಾನಗಳಿದ್ದು, ಮೂರನೆಯದು ಇದೇ: ಪ್ರಭು ಕಲಿಸಿದ ಪ್ರಾರ್ಥನೆಯ ಒಂದೊಂದು ಪದಕ್ಕೆ ಒಂದೊಂದು ಉಸಿರು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಆ ಪದದ ಮೇಲೆಯೇ ಮನಸ್ಸು. ಪೂರ್ವದ ಕ್ರೈಸ್ತ ಸನ್ಯಾಸಿಗಳು ಅದಕ್ಕೂ ಹಿಂದಿನಿಂದ ಯೇಸುನಾಮದ ಚಿಕ್ಕ ಪ್ರಾರ್ಥನೆಯೊಂದನ್ನು ಉಸಿರಿನೊಡನೆ ಸೇರಿಸಿ ಹೇಳುತ್ತಾ ಬಂದಿದ್ದಾರೆ. ಅವರ ಮೇಲೂ ಆಕ್ಷೇಪ ಬಂದಿತ್ತು. 14ನೆಯ ಶತಮಾನದಲ್ಲಿ ಬಾರ್ಲಾಮ್ ಎಂಬ ಪಂಡಿತ, ಇವರು ಆತ್ಮವನ್ನು ಹೊಕ್ಕುಳಲ್ಲಿ ಹುಡುಕುವವರು ಎಂದು ಆಥೋಸ್ ಬೆಟ್ಟದ ಸನ್ಯಾಸಿಗಳನ್ನು ಗೇಲಿ ಮಾಡಿದ. ಗ್ರೆಗೊರಿ ಪಲಾಮಾಸ್ ಅವರು, ದೇಹವೂ ದೇವರ ಕೃತಿಯೇ, ಅದನ್ನು ಬಿಟ್ಟು ಪ್ರಾರ್ಥನೆಯಿಲ್ಲ ಎಂದು ಸನ್ಯಾಸಿಗಳ ಪರವಾಗಿ ನಿಂತರು. ಪ್ರಾರ್ಥನಾ ಕೂಟದ ಅಕ್ಕನ ಅನುಮಾನ ಹೊಸದೇನಲ್ಲ ಎಂದು ತೋರಿಸಲು ಇಷ್ಟು ಹೇಳಿದೆ.

ಆದರೂ ಆ ಅಕ್ಕನ ಮಾತಿನಲ್ಲಿ ಒಂದು ಕಾಳು ಸತ್ಯವಿದೆ, ಅದನ್ನು ತೂರಿಬಿಡಬಾರದು. 1989ರ ಅಕ್ಟೋಬರ್ 15ರಂದು, ಅವಿಲಾದ ಸಂತ ತೆರೇಸರ ಹಬ್ಬದ ದಿನ, ಕ್ರೈಸ್ತ ಧ್ಯಾನದ ಬಗ್ಗೆ ವ್ಯಾಟಿಕನ್ನಿನಿಂದ ಬಿಷಪರಿಗೆಲ್ಲ ಒಂದು ಪತ್ರ ಬಂತು. ಅದಕ್ಕೆ ಸಹಿ ಹಾಕಿದವರು, ಮುಂದೆ ಜಗದ್ಗುರು ಹದಿನಾರನೆಯ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್. ಉಸಿರಿನ ಸಹಜ ಲಯಕ್ಕೆ ಹೊಂದಿಸಿ ಹೇಳುವ ಯೇಸುನಾಮದ ಪ್ರಾರ್ಥನೆ ಅನೇಕರಿಗೆ ನಿಜಕ್ಕೂ ನೆರವಾಗಬಹುದು ಎಂದು ಆ ಪತ್ರ ಒಪ್ಪುತ್ತದೆ. ಜೊತೆಗೇ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ: ದೇಹ ಹಗುರವಾದಾಗ, ಮನಸ್ಸು ತಿಳಿಯಾದಾಗ ಆಗುವ ಹಿತವನ್ನೇ ಪವಿತ್ರಾತ್ಮರ ಸಾಂತ್ವನ ಎಂದು ತಪ್ಪು ತಿಳಿಯಬೇಡಿ. ಇದು ಸರಿಯಾದ ಮಾತು. ಹತ್ತು ನಿಮಿಷ ನಿಧಾನವಾಗಿ ಉಸಿರಾಡಿ ನೆಮ್ಮದಿಯಾಗಿ ಎದ್ದವನು, ಹೊರಗೆ ಬಂದು ಕೂಲಿಯವನಿಗೆ ಕೊಡಬೇಕಾದ ಹಣ ಕೊಡದಿದ್ದರೆ ಆ ನೆಮ್ಮದಿಗೆ ಏನು ಬೆಲೆ? ಉಸಿರು ಶಾಂತವಾಗುವುದು ಒಂದು, ದೇವರೊಡನೆ ಮಾತನಾಡುವುದು ಇನ್ನೊಂದು. ಮೊದಲನೆಯದು ಮನೆ ಗುಡಿಸಿದ ಹಾಗೆ. ನೆಂಟರು ಬಂದರೆಂದು ಅದರಿಂದಲೇ ಹೇಳಲಾಗುವುದಿಲ್ಲ.

ಪ್ರಾಣಾಯಾಮದ ಬಗ್ಗೆ ಒಂದು ಮಾತು. ಅದು ನಮ್ಮ ದೇಶದ ಹಳೆಯ ವಿದ್ಯೆ. ಅದಕ್ಕೆ ಅದರದೇ ಗುರು, ಕ್ರಮ, ಗುರಿ ಇವೆ. ಅದನ್ನು ಹೀಯಾಳಿಸುವ ಹಕ್ಕು ನಮಗಿಲ್ಲ. ಟಿವಿ ನೋಡಿ ಅರೆಬರೆ ಕಲಿತು ಉಸಿರು ಬಿಗಿಹಿಡಿಯುವುದೂ, ಜೋರಾಗಿ ಬೇಗ ಬೇಗ ಬಿಡುವುದೂ ಜಾಣತನವಲ್ಲ. ನಾನು ಇಲ್ಲಿ ಹೇಳುತ್ತಿರುವುದು ಅದಲ್ಲ. ನಿಧಾನವಾಗಿ ಉಸಿರಾಡುವುದು ಯಾವ ಮತದ ಸ್ವತ್ತೂ ಅಲ್ಲ. ಹಾಲು ಕುಡಿದು ತೊಟ್ಟಿಲಲ್ಲಿ ಮಲಗಿದ ಮಗುವನ್ನು ನೋಡಿ. ಅದರ ಹೊಟ್ಟೆ ಹೇಗೆ ಏರಿ ಇಳಿಯುತ್ತದೆ! ನಾವೆಲ್ಲ ಹಾಗೆಯೇ ಉಸಿರಾಡುತ್ತಿದ್ದವರು.

ಆ ತಾಯಿಗೆ ನಾನು ಹೇಳಿಕೊಟ್ಟದ್ದು ಇಷ್ಟು. ನಾನಾಗಿ ಹೇಳಲಿಲ್ಲ, ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದ ಒಬ್ಬ ಧರ್ಮಭಗಿನಿಯನ್ನು ಕೇಳಿ ತಿಳಿದುಕೊಂಡು ಹೇಳಿದೆ. ಕುರ್ಚಿಯ ಮೇಲೋ ಚಾಪೆಯ ಮೇಲೋ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ. ರಾತ್ರಿಯಾದರೆ ಮಲಗಿದ್ದಲ್ಲೇ ಆದೀತು. ಭುಜ ಕೆಳಗಿಳಿಯಲಿ. ಕಚ್ಚಿಕೊಂಡ ಹಲ್ಲನ್ನು ಬಿಡಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ಉಸಿರು ಎಳೆದುಕೊಳ್ಳುವಾಗ ಆ ಕೈ ಮೇಲೇಳಬೇಕು. ಎದೆಗೂ ಹೊಟ್ಟೆಗೂ ನಡುವೆ ಇರುವ, ಶಾಲೆಯಲ್ಲಿ ವಪೆ ಎಂದು ಓದಿದ ಸ್ನಾಯು ಆಗ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ. ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಎಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ಬಿಡಿ. ನಡುವೆ ಬಿಗಿಹಿಡಿಯಬೇಡಿ. ದೊಡ್ಡದಾಗಿ ಎಳೆದುಕೊಳ್ಳಬೇಕೆಂದೂ ಇಲ್ಲ. ಎಲ್ಲರೂ ಮಾಡುವ ತಪ್ಪು ಅದೇ. ನಿಧಾನ ಬೇಕು, ಜೋರು ಬೇಡ. ತಲೆ ಸುತ್ತಿದಂತಾದರೆ ನಿಲ್ಲಿಸಿ ಎಂದಿನಂತೆ ಉಸಿರಾಡಿ. ಐದು ನಿಮಿಷ ಸಾಕು. ಭಯ ಬಂದಾಗ ಮಾತ್ರ ಮಾಡುತ್ತೇನೆಂದರೆ ಆಗದು, ದಿನವೂ ಮಾಡಿ ರೂಢಿಯಾದರೇ ಭಯದ ಹೊತ್ತಿಗೆ ಕೈಗೆ ಸಿಗುವುದು. ಈಜು ಕಲಿಯಬೇಕಾದದ್ದು ನೆರೆ ಬಂದ ದಿನವಲ್ಲ.

ಲಯ ಬಂದ ಮೇಲೆ ಎಣಿಕೆ ಬಿಟ್ಟು ಜಪಸರ ಹಿಡಿಯಿರಿ. ಒಬ್ಬರೇ ಇದ್ದರೆ ನಮೋ ಮರಿಯಾದ ಮೊದಲರ್ಧವನ್ನು ಮನಸ್ಸಿನಲ್ಲೇ ಹೇಳುತ್ತಾ ಉಸಿರು ತೆಗೆದುಕೊಳ್ಳಿ. ಅದು ದೇವದೂತ ಗಬ್ರಿಯೇಲ್ ಮತ್ತು ಎಲಿಜಬೇತಮ್ಮನ ಮಾತು, ನಮಗೆ ಬಂದದ್ದು. ಎರಡನೆಯ ಅರ್ಧವನ್ನು ಪಿಸುಮಾತಿನಲ್ಲಿ ಹೇಳುತ್ತಾ ಉಸಿರು ಬಿಡಿ. ಅದು ನಮ್ಮ ಬೇಡಿಕೆ, ನಮ್ಮಿಂದ ಹೋಗುವುದು. ಎರಡರ ನಡುವೆ ಇರುವುದು ಯೇಸುವಿನ ನಾಮ. ಜಗದ್ಗುರು ಎರಡನೆಯ ಜಾನ್ ಪೌಲರು 2002ರ ಅಕ್ಟೋಬರಿನಲ್ಲಿ ಜಪಸರದ ಬಗ್ಗೆ ಬರೆದ ಪತ್ರದಲ್ಲಿ, ಇಡೀ ಪ್ರಾರ್ಥನೆ ಬಾಗಿಲಿನಂತೆ ತಿರುಗುವುದು ಆ ನಾಮದ ಕೀಲಿನ ಮೇಲೆ, ಅವಸರದಲ್ಲಿ ಹೇಳಿದರೆ ಅದೇ ಕಾಣದೆಹೋಗುತ್ತದೆ ಎಂಬ ಅರ್ಥದ ಮಾತು ಹೇಳಿದ್ದಾರೆ. ಬೆಳಕಿನ ರಹಸ್ಯಗಳನ್ನು ನಮಗೆ ಕೊಟ್ಟ ಪತ್ರ ಅದು. ಹೊಸ ರಹಸ್ಯಗಳನ್ನು ನಾವು ಬೇಗ ಕಲಿತೆವು. ನಿಧಾನವಾಗಿ ಹೇಳಿ ಎಂದದ್ದನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಡಿಯಾರ ಹಿಡಿದು ನೋಡಿದ್ದೇನೆ. ಹೀಗೆ ಹೇಳಿದರೆ ಒಂದು ನಮೋ ಮರಿಯಾಗೆ ಹನ್ನೆರಡು ಸೆಕೆಂಡು ಬೇಕು. ಜಪಸರದಲ್ಲಿರುವುದು 53. ನಮ್ಮ ಓಟದ ಜಪಸರಕ್ಕಿಂತ ಹೆಚ್ಚಿಗೆ ಹಿಡಿಯುವುದು ಐದು ನಿಮಿಷ ಚಿಲ್ಲರೆ. ಧಾರಾವಾಹಿಯ ನಡುವೆ ಬರುವ ಜಾಹೀರಾತಿಗೆ ನಾವು ಕೊಡುವ ಸಮಯ ಇದಕ್ಕಿಂತ ಹೆಚ್ಚು.

ತಂದೆತಾಯಿಗಳಿಗೆ ಇನ್ನೊಂದು ಮಾತು. ಪರೀಕ್ಷೆಯ ಅಂಕಪಟ್ಟಿ ಹಿಡಿದು ಮಗ ಬಾಗಿಲಲ್ಲಿ ನಿಂತಾಗ, ಬಾಯಿ ತೆರೆಯುವ ಮುಂಚೆ ಮೂರು ಸಲ ಹೀಗೆ ಉಸಿರು ಬಿಟ್ಟು ನೋಡಿ. ಬೈಯಬೇಕಾದದ್ದನ್ನು ಆಮೇಲೂ ಬೈಯಬಹುದು, ಆದರೆ ಆಡಬಾರದ ಮಾತು ಆ ಮೂರು ಉಸಿರಿನಲ್ಲಿ ಹೊರಟುಹೋಗಿರುತ್ತದೆ.

ಇಷ್ಟು ಹೇಳಿದ ಮೇಲೆ, ಉಸಿರಾಟದಿಂದ ಆಗದ್ದನ್ನೂ ಹೇಳದಿದ್ದರೆ ನಾನು ಮತ್ತೆ ಆ ಭಾನುವಾರದ ತಪ್ಪನ್ನೇ ಮಾಡಿದಂತಾಗುತ್ತದೆ. ಎದೆ ನೋವು ಎಡಗೈಗೋ ದವಡೆಗೋ ಹರಡಿ ಬೆವರು ಬಂದರೆ ಕುಳಿತು ಉಸಿರು ಎಣಿಸಬೇಡಿ, ಜಪಸರವನ್ನೂ ದಾರಿಯಲ್ಲಿ ಹೇಳಿಕೊಳ್ಳಿ; ಮೊದಲು ಆಸ್ಪತ್ರೆಗೆ ಹೊರಡಿ. ಆ ತಾಯಿ ಮೊದಲು ಇಸಿಜಿ ಮಾಡಿಸಿಕೊಂಡೇ ಬಂದಿದ್ದರು ಎಂಬುದನ್ನು ಮರೆಯಬೇಡಿ. ಉಬ್ಬಸ, ಹೃದ್ರೋಗ ಇರುವವರು, ಗರ್ಭಿಣಿಯರು ಯಾವ ಉಸಿರಾಟದ ಅಭ್ಯಾಸವನ್ನೇ ಆಗಲಿ ತಮ್ಮ ವೈದ್ಯರನ್ನು ಕೇಳಿಯೇ ಮಾಡಬೇಕು. ವಾರಗಟ್ಟಲೆ ನಿದ್ರೆ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಅದು ವಿಶ್ವಾಸದ ಕೊರತೆಯಲ್ಲ, ಕಾಯಿಲೆ. ಅದಕ್ಕೆ ಮದ್ದಿದೆ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಈ ಸಂಖ್ಯೆಯನ್ನು ನಮ್ಮ ದೇವಾಲಯದ ಸೂಚನಾ ಫಲಕದಲ್ಲಿ ಬಲಿಪೂಜೆಯ ವೇಳಾಪಟ್ಟಿಯ ಪಕ್ಕದಲ್ಲೇ ಬರೆಸಿದ್ದೇನೆ.

ಪ್ರವಾದಿ ಎಲೀಯ ಜೀವಭಯದಿಂದ ಓಡಿ, ಮರಳುಗಾಡಿನ ಪೊದೆಯೊಂದರ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೊಂಡುಬಿಡು ಎಂದು ದೇವರನ್ನು ಬೇಡಿಕೊಂಡರಲ್ಲ (1 ಅರಸು 19), ಆಗ ದೇವರು ಏನು ಮಾಡಿದರು? ಉಪದೇಶ ಮಾಡಲಿಲ್ಲ. ನಿದ್ರೆ ಕೊಟ್ಟರು. ದೂತನ ಕೈಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕಳುಹಿಸಿದರು. ತಿಂದು ಮತ್ತೆ ಮಲಗಿದ ಎಲೀಯರನ್ನು ಇನ್ನೊಮ್ಮೆ ಎಬ್ಬಿಸಿ ಉಣಿಸಿದರು. ಬೆಟ್ಟದ ಮೇಲಿನ ಆ ಮೆಲುದನಿ ಕೇಳಿಸಿದ್ದು ನಲವತ್ತು ದಿನಗಳ ಆಮೇಲೆ. ನಾನಾದರೋ ಹಸಿದು ಬಂದವಳಿಗೆ ಮೆಲುದನಿಯನ್ನೇ ಮೊದಲು ಕೊಡಲು ಹೋಗಿದ್ದೆ.

ಉಸಿರಾಟದಿಂದ ಸಾಲ ತೀರುವುದಿಲ್ಲ. ಆದ್ದರಿಂದ ಎರಡನೆಯ ಸಲ ಅವರು ಬಂದಾಗ, ಸಾಲದ ಪುಸ್ತಕ ತನ್ನಿ ಎಂದೆ. ಲೆಕ್ಕ ಬಲ್ಲ ಇಬ್ಬರು ಹಿರಿಯರನ್ನು ಕೂರಿಸಿದೆವು. ಯಾವ ಸಾಲಕ್ಕೆ ಎಷ್ಟು ಬಡ್ಡಿ, ಯಾವುದನ್ನು ಮೊದಲು ತೀರಿಸಬೇಕು ಎಂದು ಅವರು ಕಾಗದದ ಮೇಲೆ ಬರೆದುಕೊಟ್ಟರು. ಒಂದು ಕಡೆಯವರೊಡನೆ ಮಾತನಾಡಿ ವಾರದ ಕಂತನ್ನು ತಿಂಗಳ ಕಂತಾಗಿ ಮಾಡಿಸಿದರು. ಇನ್ನೊಂದು ಕಡೆಯವರು ಒಪ್ಪಲಿಲ್ಲ. ಚೀಟಿಯವನ ಮೇಲೆ ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಅವನು ಇನ್ನೂ ಸಿಕ್ಕಿಲ್ಲ.

ಈಗ ಹೇಗಿದ್ದೀರಿ ಎಂದು ಮೊನ್ನೆ ಕೇಳಿದೆ. ಶುಕ್ರವಾರದ ಹಿಂದಿನ ರಾತ್ರಿ ಈಗಲೂ ಎಚ್ಚರವಾಗುತ್ತದಂತೆ. ಎದೆ ಹೊಡೆದುಕೊಳ್ಳಲು ಶುರುವಾದರೆ ದೀಪ ಹಾಕದೆ, ದಿಂಬಿನ ಕೆಳಗಿನ ಜಪಸರ ತೆಗೆದು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾರಂತೆ. "ಮೊದಲು ಐವತ್ತೂ ಮುಗಿಸಬೇಕು ಅಂತ ಓಡ್ತಾ ಇದ್ದೆ ಫಾದರ್. ಈಗ ಎರಡನೇ ಹತ್ತು ಮಣಿ ದಾಟಿದ್ದೇ ನೆನಪಿಲ್ಲ. ಬೆಳಗ್ಗೆ ಜಪಸರ ಕೈಯಲ್ಲೇ ಇರುತ್ತೆ. ಮುಗಿಸದೆ ನಿದ್ದೆ ಹೋಗಿದ್ದು ತಪ್ಪಾ?" ಎಂದರು. ತಪ್ಪಲ್ಲ ಎಂದೆ. ಈ ಸಲ ಬೈಕು ಹತ್ತುವ ಅವಸರವಿರಲಿಲ್ಲ.

ದೇವಾಲಯದಲ್ಲೂ ಜಪಸರವನ್ನು ಐದು ನಿಮಿಷ ಮುಂಚೆ ಶುರು ಮಾಡುತ್ತಿದ್ದೇವೆ. ಮುನ್ನಡೆಸುವ ಅರ್ಧ ಪೂರ್ತಿ ಮುಗಿದ ಮೇಲೆಯೇ ಜನ ತಮ್ಮ ಅರ್ಧವನ್ನು ಹೇಳಬೇಕೆಂದು ಎರಡು ಭಾನುವಾರ ಎಲ್ಲರಿಗೂ ಅಭ್ಯಾಸ ಮಾಡಿಸಿದೆ. ಮೊದಮೊದಲು ನಡುವಿನ ಮೌನದಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮೈಕು ಕೆಟ್ಟಿತೆಂದು ಒಬ್ಬರು ಎದ್ದು ಸ್ವಿಚ್ಚಿನ ಹತ್ತಿರವೂ ಹೋದರು. ನಮ್ಮ ಹಳೆಯ ಉಪದೇಶಿಗಳಿಗೆ ಇದು ಇನ್ನೂ ಸರಿಬಂದಿಲ್ಲ. "ಎಂಬತ್ತು ವರ್ಷದವನು ನಾನು. ಇಷ್ಟು ನಿಧಾನಕ್ಕೆ ಹೇಳಿದರೆ ಜಪಸರ ಮುಗಿಯುವುದನ್ನು ನೋಡಲು ಇರುತ್ತೇನೋ ಇಲ್ಲವೋ" ಎಂದು ಗೊಣಗುತ್ತಲೇ ದಿನವೂ ಸಂಜೆ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ.